ಪ್ಯಾರಾಸೇಲಿಂಗ್ ಸಾಮಗ್ರಿ ಆರಿಸುವುದು ಹೇಗೆ: ಹಗ್ಗ ತುಂಡಾದ ನಂತರದ ಐದು ನಿಮಿಷಕ್ಕೆ ಸಿದ್ಧತೆ

ಪ್ಯಾರಾಗ್ಲೈಡಿಂಗ್ ಮಾಡುವ ಪೈಲಟ್ ಬ್ರೇಕ್ ಎಳೆದು ತಿರುಗಬಹುದು, ಇಳಿಯುವ ಜಾಗವನ್ನೂ ಆರಿಸಿಕೊಳ್ಳಬಹುದು. ಪ್ಯಾರಾಸೇಲ್‌ನಲ್ಲಿ, ಅಂದರೆ ಬೋಟು ಹಗ್ಗ ಕಟ್ಟಿ ಎಳೆಯುವ ಪ್ಯಾರಾಚೂಟಿನಡಿ, ತೂಗುವ ಪ್ರವಾಸಿಗೆ ಇದ್ಯಾವುದೂ ಸಾಧ್ಯವಿಲ್ಲ. ಬೋಟಿನವರ ತೀರ್ಮಾನ ಮತ್ತು ಸಾಲಾಗಿ ಜೋಡಿಸಿದ ಕೆಲವು ಸಾಮಾನುಗಳು, ಇವೆರಡೇ ಅವರಿಗೆ ಆಸರೆ. ಬೋಟಿನ ಹಗ್ಗ, ಅದರ ಗಂಟು, ಕೊಕ್ಕೆಗಳು, ಪ್ರವಾಸಿಗಳನ್ನು ತೂಗುಹಾಕುವ ಅಡ್ಡ ಸರಳು, ಮೈಗೆ ಬಿಗಿಯುವ ಪಟ್ಟಿಗಳ ಹಾರ್ನೆಸ್, ಪ್ಯಾರಾಚೂಟ್, ಲೈಫ್ ಜಾಕೆಟ್ ಈ ಸಾಲಿನಲ್ಲಿ ಬರುತ್ತವೆ. ಒಂದು ಕೈಕೊಟ್ಟರೆ ಅದರ ಕೆಲಸವನ್ನು ಮುಂದಿನದು ಹೊರಬೇಕಾಗುತ್ತದೆ.

ಹೊಸದಾಗಿ ಜಲಕ್ರೀಡೆ ಶುರುಮಾಡುವವರು ಮೊದಲು ಪ್ಯಾರಾಚೂಟ್ ಬೆಲೆ ಕೇಳುತ್ತಾರೆ, ಬಜೆಟ್ಟಿನ ಬಹುಪಾಲನ್ನು ಅದಕ್ಕೇ ಇಡುತ್ತಾರೆ, ಉಳಿದ ಹಣದಲ್ಲಿ ಜಾಕೆಟ್, ಹಾರ್ನೆಸ್, ಹಗ್ಗ ಕೊಳ್ಳುತ್ತಾರೆ. ಈ ಕ್ರಮವೇ ತಿರುಗುಮುರುಗು. ಗಂಭೀರ ಅಪಘಾತಗಳಲ್ಲಿ ಮತ್ತೆ ಮತ್ತೆ ಕಾಣುವುದು ಜೋರು ಗಾಳಿಗೆ ಹಗ್ಗ ತುಂಡಾಗುವುದು. ಆಮೇಲೆ ಪ್ಯಾರಾಚೂಟ್ ಗಾಳಿ ಹೋದತ್ತ ತೇಲಿಹೋಗಿ ನೀರಿಗೋ ನೆಲಕ್ಕೋ ಇಳಿಯುತ್ತದೆ, ಇಳಿದ ಮೇಲೂ ಮುದುಡದೆ ಜನರನ್ನು ಎಳೆದುಕೊಂಡು ಹೋಗುತ್ತದೆ. 2021ರ ನವೆಂಬರ್‌ನಲ್ಲಿ ದಿಯುವಿನ ನಾಗೋವಾ ಕಡಲತೀರದಲ್ಲಿ ದಂಪತಿ ಮೇಲಿರುವಾಗಲೇ ಹಗ್ಗ ತುಂಡಾಯಿತು. ಬಿದ್ದದ್ದು ನೀರಿಗೆ, ಮೈಮೇಲೆ ಲೈಫ್ ಜಾಕೆಟ್ ಇತ್ತು, ಹಾಗಾಗಿ ಇಬ್ಬರೂ ಬದುಕಿದರು. ಆದ್ದರಿಂದ ಪ್ರತಿ ಸಾಮಾನನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿ: ಹಗ್ಗ ಹೋದ ಮೇಲಿನ ಐದು ನಿಮಿಷ ಇದು ಹೇಗೆ ನಡೆದುಕೊಳ್ಳುತ್ತದೆ?

ಮೊದಲು ಗಾಳಿಯ ಲೆಕ್ಕ

ಗಾಳಿಯ ವೇಗ ಎರಡು ಪಟ್ಟಾದರೆ ಪ್ಯಾರಾಚೂಟಿನ ಎಳೆತ ನಾಲ್ಕು ಪಟ್ಟಾಗುತ್ತದೆ. 30 ಅಡಿ ವ್ಯಾಸದ ಪ್ಯಾರಾಚೂಟನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಅದಕ್ಕೆ ತಗಲುವ ಗಾಳಿ ಗಂಟೆಗೆ 18 ಕಿ.ಮೀ. ಇದ್ದಾಗ ಎಳೆತ ಸುಮಾರು 80 ಕೆ.ಜಿ. ಭಾರದಷ್ಟು. 36 ಕಿ.ಮೀ. ಆದಾಗ ಸುಮಾರು 320, 54 ಕಿ.ಮೀ. ಆದಾಗ 700 ದಾಟುತ್ತದೆ. ಇಲ್ಲಿ ಗಾಳಿ ಎಂದರೆ ಬೀಸುವ ಗಾಳಿ ಮತ್ತು ಅದರ ಎದುರು ಓಡುವ ಬೋಟಿನ ವೇಗ ಎರಡೂ ಸೇರಿದ್ದು. ಸ್ಥಿರ ಗಾಳಿಯಲ್ಲಿ ಆರಾಮಾಗಿ ಹಾರಿದ ಜೋಡಿಗೆ ಒಂದು ಜೋರಾದ ಬೀಸಿನಲ್ಲಿ (ಕೆಲವೇ ಕ್ಷಣ ಏರುವ ಗಾಳಿ) ಏನಾಗಬಹುದು ಎಂಬುದು ಈ ಅಂಕಿಗಳಲ್ಲೇ ಇದೆ. ನೀರಿಗೆ ಬಿದ್ದವರನ್ನು 300 ಕೆ.ಜಿ. ಬಲದಲ್ಲಿ ಎಳೆಯುವ ಬಟ್ಟೆಯನ್ನು ಕೈಬಲದಿಂದ ತಡೆಯಲು ಯಾರಿಗೂ ಆಗದು.

ಅದಕ್ಕೇ ಕೊಳ್ಳುವ ಪಟ್ಟಿಯಲ್ಲಿ ಮೊದಲ ಸಾಮಾನು ಗಾಳಿಯ ವೇಗ ಅಳೆಯುವ, ಕೈಯಲ್ಲಿ ಹಿಡಿಯುವ ಅನಿಮೋಮೀಟರ್. ಇದು ಅಗ್ಗದ ವಸ್ತು, ಆದರೂ ಎಷ್ಟೋ ಕಡೆ ಇರುವುದಿಲ್ಲ. ಕೊಳ್ಳುವಾಗ ಬೀಸಿನ ಗರಿಷ್ಠ ವೇಗವನ್ನು ನೆನಪಿಟ್ಟುಕೊಳ್ಳುವ ಮಾದರಿ ಆರಿಸಿ. ಮರದ ಮರೆಯಲ್ಲೋ ಅಂಗಡಿಯ ಪಕ್ಕದಲ್ಲೋ ಅಳೆದರೆ ಪ್ರಯೋಜನವಿಲ್ಲ. ಬೋಟಿನ ಮೇಲೆ, ತೆರೆದ ನೀರಿನಲ್ಲಿ, ಕನಿಷ್ಠ ಎರಡು ನಿಮಿಷ ಹಿಡಿದು ನೋಡಿ. ಮೇಲೆ ಹೋದಂತೆ ಗಾಳಿ ಜೋರಾಗುತ್ತದೆ ಎಂಬುದು ನೆನಪಿರಲಿ.

ಎಷ್ಟಕ್ಕೆ ನಿಲ್ಲಿಸಬೇಕು? ಅಮೆರಿಕದ ಫ್ಲೋರಿಡಾ ರಾಜ್ಯ ಸಾವುಗಳು ಸಂಭವಿಸಿದ ಮೇಲೆ 2014ರಲ್ಲಿ ತಂದ ಕಾನೂನಿನಲ್ಲಿ ಸ್ಪಷ್ಟ ಗಡಿಗಳಿವೆ. ಸ್ಥಿರ ಗಾಳಿ ಗಂಟೆಗೆ 32 ಕಿ.ಮೀ. ಮೀರಿದರೆ, ಬೀಸು 40 ಕಿ.ಮೀ. ಮೀರಿದರೆ, ಅಥವಾ ಬೀಸು ಸ್ಥಿರ ಗಾಳಿಗಿಂತ 24 ಕಿ.ಮೀ. ಹೆಚ್ಚಿದ್ದರೆ ಹಾರಾಟ ಇಲ್ಲ. 11 ಕಿ.ಮೀ. ಒಳಗೆ ಗುಡುಗು ಸಿಡಿಲಿನ ಮಳೆ ಇದ್ದರೂ ಇಲ್ಲ. ಇವು ಆ ರಾಜ್ಯದ ಗರಿಷ್ಠ ಮಿತಿಗಳು. ನಿಮ್ಮ ಪ್ಯಾರಾಚೂಟ್ ತಯಾರಕರು ಇದಕ್ಕಿಂತ ಕಡಿಮೆ ಹೇಳಿದ್ದರೆ ಅದೇ ಕೊನೆಯ ಮಾತು. ನಮ್ಮ ಕರಾವಳಿಯಲ್ಲಿ ಇನ್ನೊಂದು ಸಂಗತಿಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಮಲ್ಪೆ, ಮುರುಡೇಶ್ವರ, ಕಾರವಾರದ ತೀರಗಳಲ್ಲಿ ಮಧ್ಯಾಹ್ನದ ಕಡಲಗಾಳಿ ಪಶ್ಚಿಮದಿಂದ ದಡದ ಕಡೆಗೆ ಬೀಸುತ್ತದೆ. ಹಗ್ಗ ತುಂಡಾದರೆ ಪ್ಯಾರಾಚೂಟ್ ತೆಂಗಿನ ತೋಟ, ಕಟ್ಟಡ, ವಿದ್ಯುತ್ ತಂತಿಗಳತ್ತ ಸಾಗುತ್ತದೆ. ಬೆಳಗ್ಗೆ ಸುರಕ್ಷಿತವಾಗಿದ್ದ ಅದೇ ಜಾಗ ಮಧ್ಯಾಹ್ನ ಮೂರಕ್ಕೆ ಹಾಗಿರುವುದಿಲ್ಲ.

ಲೈಫ್ ಜಾಕೆಟ್

ಬಣ್ಣ, ಬೆಲೆ ಬಿಟ್ಟು ಒಳಗಿನ ಚೀಟಿ ಓದಿ. ಅಲ್ಲಿ ತಯಾರಿಸಿದ ವರ್ಷ, ಯಾವ ತೂಕದವರಿಗೆ, ತೇಲಿಸುವ ಬಲ ಎಷ್ಟು ನ್ಯೂಟನ್ (10 ನ್ಯೂಟನ್ ಎಂದರೆ ಸುಮಾರು 1 ಕೆ.ಜಿ. ಭಾರ) ಎಂಬ ಮೂರೂ ಇರಬೇಕು. ಚೀಟಿಯೇ ಇಲ್ಲದ ಜಾಕೆಟನ್ನು ಪುಕ್ಕಟೆ ಕೊಟ್ಟರೂ ಬೇಡ.

ಲೈಫ್ ಜಾಕೆಟ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 12402 ಸರಣಿಯಲ್ಲಿ 50 ನ್ಯೂಟನ್ ಮಟ್ಟದ್ದು ಈಜು ಬರುವವರಿಗೆ, ಸಹಾಯ ಹತ್ತಿರದಲ್ಲೇ ಇರುವ ಕಡೆಗೆ. ನಮ್ಮಲ್ಲಿ ಪ್ಯಾರಾಸೇಲಿಂಗ್‌ಗೆ ಬರುವವರಲ್ಲಿ ಈಜು ಬಾರದವರೇ ಬಹಳ. ಅವರಿಗೆ 100 ನ್ಯೂಟನ್ ಮಟ್ಟದ, ಕುತ್ತಿಗೆಯ ಹಿಂದೆ ಕಾಲರ್ ಇರುವ ಜಾಕೆಟ್ ಒಳ್ಳೆಯದು. ಆದರೆ ಆ ಕಾಲರ್ ಹಾರ್ನೆಸ್ ಪಟ್ಟಿಗೆ ಸಿಕ್ಕಿ ತಲೆಯನ್ನು ಮುಂದಕ್ಕೆ ತಳ್ಳುವುದೂ ಉಂಟು. ಹಾಗಾಗಿ ಜಾಕೆಟ್, ಹಾರ್ನೆಸ್ ಎರಡನ್ನೂ ಒಟ್ಟಿಗೆ ಹಾಕಿ, ತೂಗಿ ನೋಡದೆ ಯಾವುದನ್ನೂ ಕೊಳ್ಳಬೇಡಿ.

ನೀರು ತಾಗಿದ ಕೂಡಲೇ ತಾನಾಗಿ ಊದಿಕೊಳ್ಳುವ ಜಾಕೆಟ್ ಈ ಕೆಲಸಕ್ಕೆ ಬೇಡವೇ ಬೇಡ. ಬಿಗಿದ ಹಾರ್ನೆಸ್ ಪಟ್ಟಿಯ ಕೆಳಗೆ ಊದಿದರೆ ಎದೆ ಒತ್ತಿ ಉಸಿರು ಕಟ್ಟುತ್ತದೆ. ಒಳಗೆ ಫೋಮ್ ಇರುವುದೇ ಸರಿ.

ಮಕ್ಕಳ ಅಳತೆ ಬೇರೆಯೇ. ಹಡಗುಗಳಿಗಿರುವ ಅಂತರರಾಷ್ಟ್ರೀಯ ನಿಯಮದಲ್ಲಿ 15ರಿಂದ 43 ಕೆ.ಜಿ. ತೂಕದವರಿಗೆ ಮಕ್ಕಳ ಜಾಕೆಟ್, ಅದಕ್ಕಿಂತ ಮೇಲೆ ದೊಡ್ಡವರದು. ದೊಡ್ಡವರ ಜಾಕೆಟಿನ ಪಟ್ಟಿ ಎಳೆದು ಬಿಗಿದು ಮಗುವಿಗೆ ಹಾಕಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೇರಿ ಮಗು ಕೆಳಗೆ ಜಾರುತ್ತದೆ. ಕಾಲಿನ ನಡುವೆ ಹಾಯುವ ಪಟ್ಟಿ ಇಲ್ಲದ ಮಕ್ಕಳ ಜಾಕೆಟ್ ತೆಗೆದುಕೊಳ್ಳಬೇಡಿ.

ಹಾಕಿದ ಮೇಲೆ ಭುಜದ ಎರಡೂ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿ. ಜಾಕೆಟ್ ಗಲ್ಲ, ಕಿವಿಯವರೆಗೆ ಬಂದರೆ ಅದು ದೊಡ್ಡದಾಯಿತು.

ಫೋಮ್ ವರ್ಷಗಳಲ್ಲಿ ಕುಗ್ಗುತ್ತದೆ. ಜನ ಜಾಕೆಟನ್ನು ದಿಂಬಾಗಿ, ಕೂರುವ ಆಸನವಾಗಿ ಬಳಸುವುದರಿಂದ ಇನ್ನೂ ಬೇಗ. ಪರೀಕ್ಷೆಗೆ ಕಷ್ಟವೇನಿಲ್ಲ: ಜಾಕೆಟನ್ನು ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ಕಬ್ಬಿಣದ ತೂಕ ಕಟ್ಟಿ ತೊಟ್ಟಿಗೆ ಬಿಡಿ. 50 ನ್ಯೂಟನ್ ಜಾಕೆಟ್ ಸುಮಾರು 6 ಕೆ.ಜಿ., 70 ನ್ಯೂಟನ್‌ದು ಸುಮಾರು 8 ಕೆ.ಜಿ., 100 ನ್ಯೂಟನ್‌ದು ಸುಮಾರು 12 ಕೆ.ಜಿ. ಕಬ್ಬಿಣವನ್ನು ಹೊತ್ತು ತೇಲಬೇಕು. ನೀರಿನೊಳಗೆ ಕಬ್ಬಿಣ ತುಸು ಹಗುರಾಗುವುದನ್ನೂ ಸೇರಿಸಿಯೇ ಈ ಲೆಕ್ಕ. ಮುಳುಗಿದ ಜಾಕೆಟ್ ಮತ್ತೆ ರಾಶಿಗೆ ಸೇರಬಾರದು.

ಹಾರ್ನೆಸ್

2012ರಲ್ಲಿ ಫ್ಲೋರಿಡಾದ ಪೊಂಪಾನೊ ಬೀಚಿನಲ್ಲಿ ಮಹಿಳೆಯೊಬ್ಬರು ಮೇಲಿರುವಾಗಲೇ ಹಾರ್ನೆಸ್ ಕೈಕೊಟ್ಟು ಸಮುದ್ರಕ್ಕೆ ಬಿದ್ದು ಸತ್ತರು. ಪ್ಯಾರಾಚೂಟ್ ಸರಿಯಿದ್ದೂ ಪ್ರಯೋಜನವಾಗಲಿಲ್ಲ.

ಕಟ್ಟಡ ಕೆಲಸಕ್ಕೆ ಬರುವ ಸೇಫ್ಟಿ ಬೆಲ್ಟನ್ನೇ ಪ್ಯಾರಾಸೇಲಿಂಗ್‌ಗೂ ಬಳಸುವುದು ತಪ್ಪು. ಅದರ ಮುಖ್ಯ ಕೊಂಡಿ ಬೆನ್ನಿನ ಕಡೆ ಇರುತ್ತದೆ, ಬಿದ್ದವನನ್ನು ಹಿಡಿದು ನಿಲ್ಲಿಸುವುದಕ್ಕಷ್ಟೇ ಅದನ್ನು ಮಾಡಿರುವುದು. ಅದರಲ್ಲಿ ಹತ್ತು ನಿಮಿಷ ತೂಗಿದರೆ ತೊಡೆಯ ಪಟ್ಟಿ ರಕ್ತ ಸಂಚಾರಕ್ಕೆ ತಡೆಯೊಡ್ಡುತ್ತದೆ, ನೀರಿಗೆ ಬಿದ್ದರೆ ಬಿಚ್ಚಿಕೊಳ್ಳುವುದೂ ಕಷ್ಟ. ಪ್ಯಾರಾಸೇಲಿಂಗ್‌ಗೆಂದೇ ಮಾಡಿದ, ತೊಡೆಯ ಕೆಳಗೆ ಅಗಲವಾದ ಆಸನ ಇರುವ ಹಾರ್ನೆಸನ್ನೇ ತನ್ನಿ. ಸಣ್ಣ, ಮಧ್ಯಮ, ದೊಡ್ಡ ಮೂರು ಅಳತೆಯದೂ ಬೇಕು. ಒಂದೇ ಅಳತೆ ಎಲ್ಲರಿಗೂ ಆಗುತ್ತದೆ ಎನ್ನುವ ಅಂಗಡಿಯವರ ಮಾತು ನಂಬಬೇಡಿ. ತೆಳ್ಳಗಿನವರು, ಮಕ್ಕಳು ಜಾರುವುದು ಅಂಥದ್ದರಲ್ಲೇ.

ಕೊಳ್ಳುವಾಗ ನೋಡಬೇಕಾದ್ದು:

- ಪಟ್ಟಿ ಪಾಲಿಯೆಸ್ಟರ್ ಆಗಿದ್ದರೆ ಉತ್ತಮ. ನೈಲಾನ್ ಒದ್ದೆಯಾದಾಗ ಶಕ್ತಿ ಕಳೆದುಕೊಳ್ಳುತ್ತದೆ, ಬಿಸಿಲಿಗೂ ಬೇಗ ಸೋಲುತ್ತದೆ.
- ಹೊಲಿಗೆಯ ದಾರದ ಬಣ್ಣ ಪಟ್ಟಿಯ ಬಣ್ಣಕ್ಕಿಂತ ಬೇರೆ ಇರಲಿ. ಕಪ್ಪು ಪಟ್ಟಿಯ ಮೇಲೆ ಕಪ್ಪು ಹೊಲಿಗೆ ಕಿತ್ತರೆ ಕಾಣುವುದೇ ಇಲ್ಲ, ಹಳದಿ ದಾರವಾದರೆ ಮೂರು ಮಾರು ದೂರದಿಂದಲೇ ಗೊತ್ತಾಗುತ್ತದೆ.
- ಭಾರ ಹೊರುವ ಕಡೆ ಚೌಕದೊಳಗೆ ಅಡ್ಡಗೆರೆ ಎಳೆದಂಥ ಹೊಲಿಗೆ ಇರಬೇಕು. ಒಂದೆರಡು ಸಾಲಿನ ನೇರ ಹೊಲಿಗೆ ಸಾಲದು.
- ಲೋಹದ ಉಂಗುರಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ. ಉಪ್ಪುಗಾಳಿಯಲ್ಲಿ 304 ದರ್ಜೆಯದಕ್ಕೆ ಕಲೆ ಬಂದು ಗುಳಿ ಬೀಳುತ್ತದೆ.

ಅಂಗಡಿಯಲ್ಲೇ ತೊಲೆಗೆ ಕಟ್ಟಿ ಐದು ನಿಮಿಷ ತೂಗಿ. ಕಾಲು ಜೋಮು ಹಿಡಿದರೆ, ಎದೆಪಟ್ಟಿ ಕುತ್ತಿಗೆಗೆ ಬಂದರೆ, ಅದು ನಿಮ್ಮ ಅತಿಥಿಗಳಿಗೆ ಬೇಡ. ತೊಡೆಪಟ್ಟಿಯ ಕೆಳಗೆ ಎರಡು ಬೆರಳು ಹೋಗುವಷ್ಟು ಮಾತ್ರ ಸಡಿಲವಿರಬೇಕು. ಲೈಫ್ ಜಾಕೆಟ್ ಮೊದಲು, ಅದರ ಮೇಲೆ ಹಾರ್ನೆಸ್. ಸೀರೆ, ದುಪ್ಪಟ್ಟಾ, ಉದ್ದ ಜಡೆ, ಸರ ಯಾವುದೂ ಬಕಲ್‌ಗೆ ಸಿಗದಂತೆ ತೆಗೆಸಿ ಅಥವಾ ಒಳಗೆ ಸಿಕ್ಕಿಸಿ.

ದಿನವೂ ಪಟ್ಟಿಯನ್ನು ಬಾಗಿಸಿ ಹೊರಬದಿಯ ಎಳೆ ನೋಡಿ. ನೂಲು ಎದ್ದಿರುವುದು, ಬಣ್ಣ ಬಿಳಿಚಿರುವುದು, ಕೈಗೆ ಗಡುಸಾಗುವುದು, ಕರಗಿದಂತೆ ಹೊಳೆಯುವುದು, ಇವುಗಳಲ್ಲಿ ಒಂದು ಕಂಡರೂ ಅದನ್ನು ಬದಿಗಿಡಿ. ಮೇಸ್ತ್ರಿ ಟೈಲರ್‌ನಿಂದ ಮತ್ತೆ ಹೊಲಿಸಿ ಬಳಸುವುದು ಖಂಡಿತ ಬೇಡ.

ಕೊಕ್ಕೆ ಮತ್ತು ಅಡ್ಡ ಸರಳು

ಕ್ಯಾರಬೀನರ್ (ತೆರೆದು ಮುಚ್ಚುವ ಬಾಗಿಲಿರುವ ಲೋಹದ ಕೊಕ್ಕೆ) ಮೇಲೆ ಕೆಎನ್, ಅಂದರೆ ಕಿಲೋನ್ಯೂಟನ್, ಎಂಬ ಅಕ್ಷರಗಳ ಜೊತೆ ಅಂಕಿ ಕೊರೆದಿರಬೇಕು. ಉದ್ದಕ್ಕೆ 22 ಎಂದಿದ್ದರೆ ಸುಮಾರು 2,200 ಕೆ.ಜಿ. ಭಾರ. ಆದರೆ ಅದೇ ಕ್ಯಾರಬೀನರಿನ ಬಾಗಿಲು ತೆರೆದಿದ್ದಾಗ ಶಕ್ತಿ ಅದರ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ತಾನಾಗಿ ಬೀಗ ಬೀಳುವ, ತೆರೆಯಲು ತಿರುವಿ ಎಳೆಯಬೇಕಾದ ಬಗೆಯದೇ ಬೇಕು. ಹಾರ್ಡ್‌ವೇರ್ ಅಂಗಡಿಯ ಅಂಕಿಯಿಲ್ಲದ ಸ್ಪ್ರಿಂಗ್ ಕೊಕ್ಕೆ ನೋಡಲು ಹಾಗೇ ಇದ್ದರೂ ಅದು ನಾಯಿಸರಪಳಿಗೆ ಸಾಕಾಗುವಂಥದ್ದು. ಅಲ್ಯುಮಿನಿಯಂ ಹಗುರ, ಆದರೆ ಸ್ಟೀಲಿಗೆ ತಾಗಿಕೊಂಡು ಉಪ್ಪುನೀರಿನಲ್ಲಿ ಇದ್ದರೆ ಬೇಗ ಸವೆಯುತ್ತದೆ. ಕಡಲಿಗೆ ಸ್ಟೇನ್‌ಲೆಸ್ ಸ್ಟೀಲಿನದೇ ಸರಿ. ಬಾಗಿಲಿನ ಸಂದಿಗೆ ಮರಳು ಸೇರಿ ಬೀಗ ಅರ್ಧಕ್ಕೆ ನಿಲ್ಲುವುದು ದಿನನಿತ್ಯದ ತೊಂದರೆ. ಪ್ರತಿ ಹಾರಾಟಕ್ಕೂ ಮುಂಚೆ ಕೈಯಿಂದ ಒತ್ತಿ ನೋಡಿ.

ಅಡ್ಡ ಸರಳಿನ ಬೆಸುಗೆಗಳ ಸುತ್ತ ಕೂದಲೆಳೆಯಂಥ ಬಿರುಕು ಇದೆಯೇ ನೋಡಿ. ಇಬ್ಬರು ಹಾರುವ ಸರಳಿನಲ್ಲಿ ಕೊಕ್ಕೆ ಸಿಕ್ಕಿಸಲು ಹಲವು ಜಾಗಗಳಿರುವ ಮಾದರಿ ತನ್ನಿ. 85 ಕೆ.ಜಿ. ಗಂಡ, 50 ಕೆ.ಜಿ. ಹೆಂಡತಿ ಒಟ್ಟಿಗೆ ಹಾರುವಾಗ ಜಾಗ ಬದಲಿಸಿ ಸರಳು ಸಮವಾಗಿರುವಂತೆ ಮಾಡಬಹುದು.

ಹಗ್ಗ

ಮೀನುಗಾರಿಕೆ ಬಂದರಿನ ಅಂಗಡಿಗಳಲ್ಲಿ ಸಿಗುವ ಹಸಿರು, ನೀಲಿ ಪಿ.ಪಿ. (ಪಾಲಿಪ್ರೊಪಿಲೀನ್) ಹಗ್ಗ ಬಲೆಗೆ, ಲಂಗರಿಗೆ ಚೆನ್ನ. ಬಿಸಿಲಿಗೆ ಅದು ಬೇಗ ಪುಡಿಯಾಗುತ್ತದೆ, ಜನರನ್ನು ಎತ್ತಲು ಬೇಡ. ನೈಲಾನ್ ಹಿಗ್ಗುತ್ತದೆ, ತುಂಡಾದಾಗ ಚಾಟಿಯ ಹಾಗೆ ಬೋಟಿನವರ ಮೇಲೆ ಬಡಿಯುತ್ತದೆ. ಹೆಣೆದ ಪಾಲಿಯೆಸ್ಟರ್ ಹಗ್ಗ ಈ ಕೆಲಸಕ್ಕೆ ಸರಿ.

ಶಕ್ತಿ ಎಷ್ಟು ಬೇಕು ಎಂಬ ಪ್ರಶ್ನೆಗೆ ಚೀಟಿಯ ಅಂಕಿ ಉತ್ತರವಲ್ಲ. ಚೀಟಿಯಲ್ಲಿ 3,000 ಕೆ.ಜಿ. ಇದೆ ಎನ್ನಿ. ತುದಿಯಲ್ಲಿ ಕುಣಿಕೆ ಮಾಡುವ ಬೋಲೈನ್ ಗಂಟು ಹಾಕಿದ ಕೂಡಲೇ ಮೂರನೇ ಒಂದು ಭಾಗ ಹೋಗಿ 2,000 ಉಳಿಯುತ್ತದೆ. ಬಿಸಿಲು, ಉಪ್ಪು, ಒಳಹೊಕ್ಕ ಮರಳಿನ ಉಜ್ಜುವಿಕೆಯಿಂದ ಅದರಲ್ಲೂ ಅರ್ಧ ಹೋದರೆ 1,000. ಮೇಲೆ ಹೇಳಿದ 30 ಅಡಿ ಪ್ಯಾರಾಚೂಟಿಗೆ ಒಂದು ಕೆಟ್ಟ ಬೀಸು 700ಕ್ಕೂ ಮೀರಿ ಎಳೆಯಬಲ್ಲದು. ಬೋಟು ಅಲೆಯ ಮೇಲೆ ಹಾರಿ ಹಗ್ಗ ಸಡಿಲಾಗಿ ಮತ್ತೆ ಬಿಗಿದರೆ ಆ ಕ್ಷಣದ ಜಗ್ಗು ಇನ್ನೂ ಹೆಚ್ಚು. ಹೊಸದರಲ್ಲಿ ನಾಲ್ಕು ಪಟ್ಟು ಅಂತರವಿದ್ದ ಹಗ್ಗ ಹೀಗೆ ಯಾರಿಗೂ ಗೊತ್ತಾಗದಂತೆ ಅಂಚಿಗೆ ಬಂದು ನಿಂತಿರುತ್ತದೆ.

ಹಗ್ಗವನ್ನು ತನ್ನೊಳಗೇ ಹೆಣೆದು ಮಾಡುವ ಕಣ್ಣು (ಕುಣಿಕೆ) ಗಂಟಿಗಿಂತ ಹೆಚ್ಚು ಶಕ್ತಿ ಉಳಿಸುತ್ತದೆ ಎಂಬುದು ನಿಜ. ಆದರೆ ಹಗ್ಗ ಹೆಚ್ಚು ಸವೆಯುವುದು ತುದಿಯಲ್ಲೇ, ಆ ತುದಿಯನ್ನು ದಿನವೂ ಕತ್ತರಿಸಿ ಹೊಸದಾಗಿ ಕಟ್ಟಬೇಕು. ಹೆಣೆದ ಕಣ್ಣನ್ನು ದಿನವೂ ಹೊಸದಾಗಿ ಮಾಡುವವರು ಯಾರೂ ಇಲ್ಲ. ಹಾಗಾಗಿ ಒಂದು ಅಳತೆ ಹೆಚ್ಚು ದಪ್ಪದ ಹಗ್ಗ ಕೊಂಡು, ಪ್ರತಿ ಬೆಳಗ್ಗೆ ತುದಿಯ ಒಂದು ಮೀಟರ್ ಕತ್ತರಿಸಿ, ಬೋಲೈನ್ ಹಾಕಿ, ಬಾಲವನ್ನು ಒಂದು ಗೇಣಿಗಿಂತ ಉದ್ದ ಬಿಡುವುದೇ ಮೇಲು. ಕೊಳ್ಳುವಾಗಲೇ ಈ ಕತ್ತರಿಕೆಗೆ ಹೆಚ್ಚುವರಿ ಉದ್ದ ತೆಗೆದುಕೊಳ್ಳಿ. ಬೋಟಿಗೆ ಹಾಕಿದ ದಿನಾಂಕವನ್ನು ಹಗ್ಗ ಸುತ್ತಿದ ಡ್ರಮ್ ಮೇಲೆ ಬರೆದಿಡಿ. ವಾರಕ್ಕೊಮ್ಮೆ ಪೂರ್ತಿ ಹಗ್ಗವನ್ನು ಬಿಚ್ಚಿ ಬರಿಗೈಯಲ್ಲಿ ಹಾಯಿಸಿ. ಒಂದು ಕಡೆ ತೆಳುವಾಗಿದ್ದರೆ, ಒಳಗೆ ಗಡುಸು ಗಂಟಿನಂತೆ ಸಿಕ್ಕಿದರೆ, ಅಲ್ಲಿಗೆ ಆ ಹಗ್ಗದ ಕೆಲಸ ಮುಗಿಯಿತು. ನಡುವೆ ಗಂಟು ಹಾಕಿ ಜೋಡಿಸಬೇಡಿ.

ಪ್ಯಾರಾಚೂಟ್

ಬೋಟಿನಿಂದಲೇ ಏರಿಸಿ ಇಳಿಸುವ ವಿಂಚ್ (ಹಗ್ಗ ಸುತ್ತುವ ಯಂತ್ರ) ವ್ಯವಸ್ಥೆಗೆ ಸಾಮಾನ್ಯವಾಗಿ 24ರಿಂದ 40 ಅಡಿಯವರೆಗಿನ ಪ್ಯಾರಾಚೂಟ್ ಬಳಸುತ್ತಾರೆ. ಗಾಳಿ ಕಡಿಮೆ ಇದ್ದು ಭಾರ ಹೆಚ್ಚಿದ್ದರೆ ದೊಡ್ಡದು, ಗಾಳಿ ಜೋರಿದ್ದರೆ ಚಿಕ್ಕದು. ಒಂದೇ ದೊಡ್ಡ ಪ್ಯಾರಾಚೂಟ್ ಇಟ್ಟುಕೊಂಡವರು ಗಾಳಿ ಏರಿದರೂ ಅದನ್ನೇ ಹಾರಿಸುತ್ತಾರೆ. ಕನಿಷ್ಠ ಎರಡು ಅಳತೆ ಬೇಕು, ಜೊತೆಗೆ ತಯಾರಕರ ಗಾಳಿ-ತೂಕದ ಕೋಷ್ಟಕ ಬೋಟಿನಲ್ಲೇ ಅಂಟಿಸಿರಬೇಕು. ಕೋಷ್ಟಕವಿಲ್ಲದ ಸೆಕೆಂಡ್ ಹ್ಯಾಂಡ್ ಮಾಲು, ಸೇನೆಯ ಹಳೆಯ ದುಂಡು ಪ್ಯಾರಾಚೂಟಿಗೆ ತೂತು ಕೊರೆದು ಮಾಡಿದ್ದು ಎರಡೂ ಬೇಡ.

ಬಟ್ಟೆಗೆ ಬಾಯಿ ಒತ್ತಿ ಊದಿ. ಗಾಳಿ ಸುಲಭವಾಗಿ ಹಾಯ್ದರೆ ಬಟ್ಟೆ ಸತ್ತಿದೆ. ಹೆಬ್ಬೆರಳುಗಳಿಂದ ಹಿಡಿದು ಜಗ್ಗಿದಾಗ ಸೀಳಿದರೂ ಅಷ್ಟೇ. ಎಡ-ಬಲದ ಜೋಡಿ ದಾರಗಳನ್ನು ಒಟ್ಟಿಗೆ ಎಳೆದು ಅಳೆಯಿರಿ. ಒಂದು ಬದಿಯವು ಕುಗ್ಗಿದ್ದರೆ ಪ್ಯಾರಾಚೂಟ್ ಒಂದೇ ಕಡೆ ವಾಲುತ್ತದೆ.

ನೀರಿಗಿಳಿದ ಮೇಲೆ ಪ್ಯಾರಾಚೂಟನ್ನು ಮುದುಡಿಸುವ ಹಗ್ಗದ ವ್ಯವಸ್ಥೆ ಇದೆಯೇ ಎಂದು ಮಾರುವವರನ್ನು ಕೇಳಿ, ಹೇಗೆ ಎಂದು ತೋರಿಸಲು ಹೇಳಿ. ಪ್ರವಾಸಿಯ ಕೈಗೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಕೊಕ್ಕೆ ಕೊಡುವುದು ಸುಲಭ ಪರಿಹಾರದಂತೆ ಕಾಣುತ್ತದೆ, ಆದರೆ 60 ಮೀಟರ್ ಎತ್ತರದಲ್ಲಿ ಗಾಬರಿಯಾದವರು ಮೊದಲು ಎಳೆಯುವುದು ಅದನ್ನೇ. ಎಳೆತದಲ್ಲಿರುವ ಕ್ಯಾರಬೀನರ್ ಅಂತೂ ಕೈಯಿಂದ ತೆರೆಯದು. ಆದ್ದರಿಂದ ಆ ಕೆಲಸ ತರಬೇತಾದ ಸಿಬ್ಬಂದಿಯದೇ. ಎರಡನೇ ಬೋಟು ಎಂಜಿನ್ ಚಾಲೂ ಇಟ್ಟು ಕಾಯುತ್ತಿರಬೇಕು. ಅದರಲ್ಲಿರುವವರ ಜಾಕೆಟಿನಲ್ಲಿ ಪಟ್ಟಿ ಕತ್ತರಿಸುವ ಕೊಕ್ಕೆಚಾಕು ಸಿಕ್ಕಿಸಿರಬೇಕು. ಮೊನೆಚಾಕು ಬೇಡ, ಒದ್ದಾಡುವವರಿಗೆ ಚುಚ್ಚುತ್ತದೆ. ಒಂದು ಬದಿಯ ಪಟ್ಟಿ ಕತ್ತರಿಸಿದರೆ ಸಾಕು, ಗಾಳಿ ಸೋರಿ ಪ್ಯಾರಾಚೂಟ್ ಬೀಳುತ್ತದೆ.

ಉಳಿದದ್ದು

ದಡದಿಂದ ಓಡಿ ಏರುವ, ದಡಕ್ಕೇ ಇಳಿಯುವ ಕಡೆ ಹೆಲ್ಮೆಟ್ ಬೇಕೇ ಬೇಕು. ನೀರಿಗೆ ಇಎನ್ (ಯುರೋಪಿಯನ್ ಮಾನದಂಡ) 1385 ಗುರುತಿನದು, ಜೀಪು ಎಳೆಯುವ ಮೈದಾನದ ಹಾರಾಟಕ್ಕೆ ಇಎನ್ 966 ಗುರುತಿನದು. ಬೈಕ್ ಹೆಲ್ಮೆಟ್ ನೀರು ತುಂಬಿಕೊಂಡು ಕುತ್ತಿಗೆಯನ್ನೇ ಜಗ್ಗುತ್ತದೆ. ಬೋಟಿನಲ್ಲಿ ಚಾಲಕನ ಕೈಗೆ ಕಟ್ಟುವ, ಆತ ಬಿದ್ದರೆ ಎಂಜಿನ್ ನಿಲ್ಲಿಸುವ ಕಿಲ್ ಕಾರ್ಡ್, ವಿಎಚ್‌ಎಫ್ ರೇಡಿಯೊ, ರಕ್ಷಣಾ ಟ್ಯೂಬ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಲಿ. ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093, ಈ ಸಂಖ್ಯೆಗಳನ್ನು ಸ್ಟೀರಿಂಗ್ ಬಳಿ ದೊಡ್ಡದಾಗಿ ಬರೆಯಿರಿ. ಸಿಬ್ಬಂದಿಯ ತರಬೇತಿಗೆ ಗೋವಾದಲ್ಲಿ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ.

ದಿನದ ಕೊನೆಗೆ ಎಲ್ಲವನ್ನೂ ಸಿಹಿನೀರಿನಲ್ಲಿ ಜಾಲಾಡಿ ನೆರಳಲ್ಲಿ ಒಣಗಿಸಿ. ಸೋಪು, ಬ್ಲೀಚ್ ಬೇಡ. ಬೋಟಿನ ಬ್ಯಾಟರಿ, ಡೀಸೆಲ್ ಇಡುವ ಕೋಣೆಯಲ್ಲಿ ಹಾರ್ನೆಸ್ ಇಡಲೇಬಾರದು. ಬ್ಯಾಟರಿ ಆಸಿಡ್‌ನ ಆವಿ, ಹನಿ ನೈಲಾನನ್ನು ತಿಂದುಹಾಕುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಮಳೆಗಾಲದಲ್ಲಿ ಆಟ ನಿಂತಾಗ ಮಡಚಿ ಚೀಲದಲ್ಲಿ ತುರುಕದೆ ಸಡಿಲವಾಗಿ ತೂಗುಹಾಕಿ. ಬೂಸ್ಟು ಮತ್ತು ಇಲಿ, ಆ ತಿಂಗಳುಗಳ ಎರಡು ಶತ್ರುಗಳು. ಋತು ಶುರುವಾಗುವ ಮುಂಚೆ ಪ್ರತಿ ಸಾಮಾನನ್ನೂ ಅದರ ಸಂಖ್ಯೆಯೊಂದಿಗೆ ಪುಸ್ತಕದಲ್ಲಿ ಮತ್ತೆ ಪರೀಕ್ಷಿಸಿ ಬರೆಯಿರಿ.

ಹಾರಲು ಹೋದವರು ಎರಡು ನಿಮಿಷದಲ್ಲಿ ನೋಡಬೇಕಾದ್ದು

ನಿಮ್ಮ ತೂಕ ಕೇಳಿದರೇ? ಕೇಳದಿದ್ದರೆ ಯಾವ ಪ್ಯಾರಾಚೂಟ್ ಎಂದು ಅವರು ಲೆಕ್ಕ ಹಾಕಿಯೇ ಇಲ್ಲ. ಗಾಳಿ ಎಷ್ಟಿದೆ ಎಂದು ಕೇಳಿ, ಉತ್ತರ ಅಂಕಿಯಲ್ಲಿ ಬರಬೇಕು. ಕಡಲಿನ ಮೇಲೆ ಎಲ್ಲೆಲ್ಲೂ ಬಿಳಿ ನೊರೆಯ ತಲೆಗಳು ಕಂಡರೆ ಗಾಳಿ ಗಂಟೆಗೆ 20 ಕಿ.ಮೀ. ದಾಟಿದೆ, ಆಗ ಸುಮ್ಮನೆ ನೋಡುತ್ತಾ ಕುಳಿತುಕೊಳ್ಳಿ. ಹಗ್ಗದ ಗಂಟಿನ ಬಳಿ ನೂಲು ಎದ್ದಿದೆಯೇ, ಹಾರ್ನೆಸಿನ ಬಣ್ಣ ಪೂರ್ತಿ ಹೋಗಿದೆಯೇ, ಎರಡನೇ ಬೋಟು ಎಲ್ಲಿದೆ? ಇವಿಷ್ಟನ್ನು ಕೇಳಿದ್ದಕ್ಕೆ ಸಿಡುಕಿದರೆ ಹಣ ವಾಪಸು ತೆಗೆದುಕೊಂಡು ಬನ್ನಿ.

ಬದಿಗಿಟ್ಟ ಹಾರ್ನೆಸ್, ಹಗ್ಗ, ಜಾಕೆಟ್‌ಗಳನ್ನು ಹಾಗೇ ಗುಜರಿಗೆ ಕೊಡಬೇಡಿ. ತೊಳೆದು ಒಣಗಿಸಿದ ಹಳೆಯ ಹಾರ್ನೆಸ್ ಮತ್ತೊಂದು ತೀರದಲ್ಲಿ ಸೆಕೆಂಡ್ ಹ್ಯಾಂಡ್ ಮಾಲಾಗಿ ಮಾರಾಟವಾಗುತ್ತದೆ. ಪಟ್ಟಿಗಳನ್ನು ಹೊಲಿಗೆಯ ಬುಡದಲ್ಲಿ ಕತ್ತರಿಸಿ, ಹಗ್ಗವನ್ನು ಐದು ಮೀಟರಿನ ತುಂಡುಗಳಾಗಿ ಮಾಡಿ, ಜಾಕೆಟಿನ ಫೋಮ್ ಹೊರಗೆಳೆದು, ಆಮೇಲೆ ಕೊಡಿ.